ನಿಮ್ಮ ಏರಿಯಾ ಸೇಫಾ?

ಮೊನ್ನೆ ರಾತ್ರಿ ಕಾರ್ಯಕ್ರಮ ಮುಗಿಸಿ ಮೇಕಪ್ ಒರೆಸಿಕೊಳ್ತಾ ಕೂತಿದ್ದೆ. ಮೊಬೈಲಿಗೆ ಒಂದು ಮೆಸೇಜ್ ಬಂತು. ದಾವಣಗೆರೆಯ ವೀಕ್ಷಕರು. "ಸಾರ್, ಮಗಳಿಗೆ ಬೆಂಗಳೂರಲ್ಲಿ ಕೆಲಸ ಸಿಕ್ಕಿದೆ. ಎರಡು ಕಡೆ ಮನೆ ನೋಡಿದೀವಿ. ಒಂದು ಹಳೇ ಬಡಾವಣೆ, ಇನ್ನೊಂದು ಹೊಸದಾಗಿ ಬೆಳೀತಿರೋ ಕಡೆ. ಯಾವ ಏರಿಯಾದಲ್ಲಿ ಕ್ರೈಂ ಕಡಿಮೆ? ನಿಮ್ಮ ಚಾನೆಲ್‌ನವರ ಹತ್ರ ಲಿಸ್ಟ್ ಇರುತ್ತಲ್ಲ, ಸ್ವಲ್ಪ ಹೇಳಿ."

ಲಿಸ್ಟ್ ಇರುತ್ತೆ, ಸುಳ್ಳು ಹೇಳಲ್ಲ. ವರ್ಷಕ್ಕೊಮ್ಮೆ ಅಂಕಿಅಂಶ ಬಂದ ದಿನ ನಾವು ಅದನ್ನ ಕೆಂಪು ಬಣ್ಣದ ಗ್ರಾಫಿಕ್ಸ್ ಮಾಡಿ, ಹಿಂದೆ ಡುಂ ಡುಂ ಅಂತ ಮ್ಯೂಸಿಕ್ ಹಾಕಿ, "ಬೆಂಗಳೂರಿನ ಅತ್ಯಂತ ಡೇಂಜರಸ್ ಏರಿಯಾ ಯಾವುದು ಗೊತ್ತಾ?" ಅಂತ ಓಡಿಸ್ತೀವಿ. ನಾನೇ ಓದಿದ್ದೇನೆ. ಆದರೆ ಆ ಅಪ್ಪನಿಗೆ ಆ ಲಿಸ್ಟ್ ಕಳಿಸೋಕೆ ನನ್ನ ಕೈ ಬರಲಿಲ್ಲ. ಯಾಕೆ ಅಂದರೆ ಆ ಲಿಸ್ಟಿನೊಳಗೆ ನನ್ನ ಚಿಕ್ಕಮ್ಮ ಇಲ್ಲ.

ಚಿಕ್ಕಮ್ಮನ ಕತೆ ಹೇಳ್ತೀನಿ. ಬೆಂಗಳೂರಿನ ಪಶ್ಚಿಮ ಭಾಗದ ಒಂದು ಬಡಾವಣೆ. ಬೆಳಗ್ಗೆ ಆರೂವರೆ. ಬಾಗಿಲಿಗೆ ನೀರು ಹಾಕಿ, ಬಗ್ಗಿ ರಂಗೋಲಿ ಬಿಡ್ತಾ ಇದ್ದರು. ಬೈಕಿನಲ್ಲಿ ಇಬ್ಬರು. ಹಿಂದೆ ಕೂತವನು ಇಳಿದು, "ಅಮ್ಮಾ, ಐದನೇ ಕ್ರಾಸ್ ಯಾವ ಕಡೆ?" ಅಂದ. ಇವರು ತಲೆ ಎತ್ತಿದರು ನೋಡಿ, ಅಷ್ಟೇ. ಕುತ್ತಿಗೆಯ ಸರ ಹೋಯ್ತು. ಕುತ್ತಿಗೆ ಮೇಲೆ ಒಂದು ಕೆಂಪು ಬರೆ ಉಳೀತು. ಮೂವತ್ತೆಂಟು ವರ್ಷದ ಮಾಂಗಲ್ಯ.

ಚಿಕ್ಕಪ್ಪ ಠಾಣೆಗೆ ಕರೆದುಕೊಂಡು ಹೋದರು. ಯಾವ ಠಾಣೆ ಅಂತ ಹೇಳಲ್ಲ, ಅದು ಇಲ್ಲಿ ಮುಖ್ಯವೂ ಅಲ್ಲ. ಅಲ್ಲಿದ್ದವರು ಗದರಿಸಲಿಲ್ಲ, ಕುರ್ಚಿ ಕೊಟ್ಟರು, ನೀರು ಕೊಟ್ಟರು. ಆಮೇಲೆ ಬಹಳ ಪ್ರೀತಿಯಿಂದಲೇ ಕೇಳಿದರು, "ಅಮ್ಮಾ, ಈ ವಯಸ್ಸಲ್ಲಿ ಕೋರ್ಟು ಕಚೇರಿ ಅಂತ ಅಲೀತೀರಾ? ಕಳೆದುಹೋಗಿದೆ ಅಂತ ಒಂದು ಅರ್ಜಿ ಬರೆದುಕೊಡಿ. ಸಿಕ್ಕಿದರೆ ಫೋನ್ ಮಾಡ್ತೀವಿ." ಕೋರ್ಟು ಅಂದ ಕೂಡಲೇ ಚಿಕ್ಕಮ್ಮನಿಗೆ ಕೈ ನಡುಗಿತು. ಬರೆದುಕೊಟ್ಟರು. ಸರ 'ಕಳೆದುಹೋಗಿದೆ'.

ಮೂರು ವಾರ ಕಳೀತು. ಎರಡು ರಸ್ತೆ ಆಚೆ ಇನ್ನೊಬ್ಬ ಹೆಂಗಸು. ಅದೇ ಹೊತ್ತು, ಅದೇ ವಿಳಾಸ ಕೇಳೋ ನಾಟಕ. ಅವರು ಸರ ಬಿಡಲಿಲ್ಲ. ಬೈಕು ಎಳೆದುಕೊಂಡು ಹೋಯ್ತು. ಬಿದ್ದು ಸೊಂಟದ ಮೂಳೆ ಮುರೀತು. ಆವತ್ತು ಎಫ್‌ಐಆರ್ ಆಯ್ತು, ನಮ್ಮ ಕ್ಯಾಮೆರಾನೂ ಹೋಯ್ತು. ಅಕ್ಕಪಕ್ಕದವರೆಲ್ಲ ಮೈಕ್ ಮುಂದೆ ಹೇಳಿದ್ದು ಒಂದೇ ಮಾತು. "ನಮ್ಮ ಏರಿಯಾದಲ್ಲಿ ಇದೇ ಮೊದಲ ಸಲ ಸಾರ್." ಕಾಗದದ ಪ್ರಕಾರ ಅವರು ಹೇಳಿದ್ದು ನಿಜವೇ!

ಒಂದು ಬಡಾವಣೆಯ ಕ್ರೈಂ ರೇಟ್ ಅಂದರೆ ಅಲ್ಲಿ ನಡೆದ ಅಪರಾಧಗಳ ಲೆಕ್ಕ ಅಂತ ನಾವೆಲ್ಲ ಅಂದುಕೊಂಡಿದ್ದೀವಿ. ಅದು ಅಲ್ಲಿ ಬರೆದುಕೊಂಡ ಅಪರಾಧಗಳ ಲೆಕ್ಕ. ನಡೆಯೋದಕ್ಕೂ ಬರೆಯೋದಕ್ಕೂ ಮಧ್ಯೆ ಒಂದು ಟೇಬಲ್ ಇದೆ, ಒಂದು ಪೆನ್ ಇದೆ, ಒಬ್ಬ ಸುಸ್ತಾದ ರೈಟರ್ ಇದ್ದಾನೆ, ಒಬ್ಬ ಹೆದರಿದ ಚಿಕ್ಕಮ್ಮ ಇದ್ದಾಳೆ.

ಇದನ್ನ ನಾನೊಬ್ಬನೇ ಹೇಳ್ತಿಲ್ಲ. ದೇಶದ ಅಪರಾಧ ಲೆಕ್ಕ ಇಡೋದು ಎನ್‌ಸಿಆರ್‌ಬಿ. ಅಂದರೆ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ, 1986ರಲ್ಲಿ ಶುರುವಾದ ಸಂಸ್ಥೆ. ಅವರು ಹೊರತರೋ ವಾರ್ಷಿಕ ವರದಿಯಲ್ಲೇ ಎಚ್ಚರಿಕೆ ಕೊಟ್ಟಿರ್ತಾರೆ. ಅಪರಾಧ ಜಾಸ್ತಿ ಆಗೋದು ಬೇರೆ, ಪೊಲೀಸರು ಅಪರಾಧ ದಾಖಲು ಮಾಡಿಕೊಳ್ಳೋದು ಜಾಸ್ತಿ ಆಗೋದು ಬೇರೆ, ಎರಡನ್ನೂ ಒಂದೇ ಅಂದುಕೋಬೇಡಿ ಅಂತ. ಆ ಪುಟವನ್ನ ನಾವು ಟಿವಿಯವರು ಓದೋದೇ ಇಲ್ಲ. ನೇರ ಕೋಷ್ಟಕಕ್ಕೆ ಹೋಗ್ತೀವಿ. ಕೇರಳದ ಉದಾಹರಣೆ ತಗೊಳ್ಳಿ. ಜನಸಂಖ್ಯೆಗೆ ಹೋಲಿಸಿದ ಅಪರಾಧ ಪ್ರಮಾಣದಲ್ಲಿ ಆ ರಾಜ್ಯ ವರ್ಷ ವರ್ಷವೂ ಮೇಲಿನ ಸಾಲಿನಲ್ಲೇ ಇರುತ್ತೆ. ಬಿಹಾರ ಅದಕ್ಕಿಂತ ಎಷ್ಟೋ ಕೆಳಗೆ. ಹಾಗಂತ ಕೊಚ್ಚಿಗಿಂತ ಪಟನಾದಲ್ಲಿ ರಾತ್ರಿ ಓಡಾಡೋದು ಸುಲಭ ಅಂತ ಯಾರಾದರೂ ಹೇಳ್ತಾರಾ? ಕೇರಳದಲ್ಲಿ ಜನ ಠಾಣೆಗೆ ಹೋಗ್ತಾರೆ, ಹೋದರೆ ಬರೆದುಕೊಳ್ತಾರೆ. ಕತೆ ಅಷ್ಟೇ.

ಇನ್ನು ಆ ದರ ಹಾಕೋ ಲೆಕ್ಕ ನೋಡಿ. ಒಂದು ಲಕ್ಷ ಜನಕ್ಕೆ ಎಷ್ಟು ಅಪರಾಧ ಅಂತ ಭಾಗಿಸ್ತಾರೆ. ಸರಿ, ಯಾವ ಜನಸಂಖ್ಯೆಯಿಂದ? ಮಹಾನಗರಗಳಿಗೆ ಬಳಸ್ತಾ ಬಂದಿರೋದು 2011ರ ಜನಗಣತಿ. ಆಗ ಬೆಂಗಳೂರು ನಗರ ಪ್ರದೇಶದ ಜನಸಂಖ್ಯೆ ಸುಮಾರು 85 ಲಕ್ಷ. ಆಮೇಲೆ ಊರು ಎಷ್ಟು ಊದಿಕೊಂಡಿದೆ ಅಂತ ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ನಿಂತವರಿಗೆ ಬೇರೆ ಹೇಳಬೇಕಾ? ಇವತ್ತಿನ ಅಪರಾಧವನ್ನ ಅಂದಿನ ಜನಸಂಖ್ಯೆಯಿಂದ ಭಾಗಿಸಿದರೆ ದರ ಇದ್ದದ್ದಕ್ಕಿಂತ ದೊಡ್ಡದಾಗೇ ಕಾಣುತ್ತೆ.

ಠಾಣೆ ಮಟ್ಟಕ್ಕೆ ಇಳಿದರೆ ಇನ್ನೂ ಮಜಾ. ಉಪ್ಪಾರಪೇಟೆ ಠಾಣೆಯ ವ್ಯಾಪ್ತಿಗೆ ಮೆಜೆಸ್ಟಿಕ್ ಬರುತ್ತೆ. ಅಲ್ಲಿ ಮನೆ ಮಾಡಿಕೊಂಡಿರೋರು ಎಷ್ಟು ಜನ, ದಿನಾ ಬಸ್ಸು ಹತ್ತಿ ಇಳಿಯೋರು ಎಷ್ಟು ಜನ? ಜೇಬುಗಳ್ಳತನ ಆಗೋದು ಬಸ್ಸಿಗೆ ಬಂದವರದ್ದು, ಭಾಗಿಸೋದು ಅಲ್ಲೇ ವಾಸ ಇರೋರ ಸಂಖ್ಯೆಯಿಂದ. ಆ ಲೆಕ್ಕದಲ್ಲಿ ಮೆಜೆಸ್ಟಿಕ್ ಹಿಂದಿನ ಗಲ್ಲಿಯಲ್ಲಿ ಐವತ್ತು ವರ್ಷದಿಂದ ನೆಮ್ಮದಿಯಾಗಿ ಸಂಸಾರ ಮಾಡಿಕೊಂಡಿರೋ ಕುಟುಂಬ ದೇಶದ ಅತಿ ಅಪಾಯಕಾರಿ ಜಾಗದಲ್ಲಿ ಬದುಕ್ತಾ ಇದೆ ಅಂತ ಆಗಿಬಿಡುತ್ತೆ.

ಅದೂ ಸಾಲದು ಅಂತ ಸೈಬರ್ ವಂಚನೆ ಸೇರಿಸಿ. 2022ರಲ್ಲಿ ಇಡೀ ದೇಶದಲ್ಲಿ ದಾಖಲಾದ ಸೈಬರ್ ಪ್ರಕರಣ 65,893. ಅದರಲ್ಲಿ ಹತ್ತಿರ ಹತ್ತಿರ 10,000 ಬೆಂಗಳೂರು ಒಂದರಲ್ಲೇ. ಕಳ್ಳ ಎಲ್ಲೋ ಕೂತಿದ್ದಾನೆ, ಜಾರ್ಖಂಡೋ ಕಾಂಬೋಡಿಯಾನೋ. ಹಣ ಹೋಗಿದ್ದು ಜಯನಗರದ ನಿವೃತ್ತ ಮೇಷ್ಟ್ರದ್ದು. ಪ್ರಕರಣ ಬೆಂಗಳೂರಿನ ಲೆಕ್ಕಕ್ಕೆ ಬರುತ್ತೆ. ಮೇಷ್ಟ್ರಿಗೆ ಆದ ನಷ್ಟ ಸಣ್ಣದಲ್ಲ, ಎಷ್ಟೋ ಸಲ ಸರಗಳ್ಳತನಕ್ಕಿಂತ ನೂರು ಪಟ್ಟು ದೊಡ್ಡದು. ಆದರೆ ಜಯನಗರದ ಬೀದಿ ಸೇಫಾ ಅನ್ನೋ ಪ್ರಶ್ನೆಗೆ ಅದು ಉತ್ತರ ಕೊಡಲ್ಲ.

ಈಗ ಒಂದು ವಿಚಿತ್ರ ಪದ ಹೇಳ್ತೀನಿ. ಬರ್ಕಿಂಗ್. ಪೊಲೀಸ್ ಇಲಾಖೆಯಲ್ಲಿ ಕೆಲಸ ಮಾಡಿದವರನ್ನ ಕೇಳಿ, ಎಲ್ಲರಿಗೂ ಗೊತ್ತು. ಬಂದ ದೂರನ್ನ ದಾಖಲಿಸದೆ ಮುಚ್ಚಿಹಾಕೋದಕ್ಕೆ ಹಾಗಂತಾರೆ. ಪದ ಎಲ್ಲಿಂದ ಬಂತು? 1828ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಬರ್ಕ್ ಮತ್ತು ಹೇರ್ ಅಂತ ಇಬ್ಬರಿದ್ದರು. ವೈದ್ಯರ ಅಂಗಚ್ಛೇದನ ಶಾಲೆಗೆ ಹೆಣ ಮಾರಿದರೆ ದುಡ್ಡು ಸಿಗುತ್ತೆ ಅಂತ ಗೊತ್ತಾಗಿ, ಜನರನ್ನ ಗಾಯ ಕಾಣದ ಹಾಗೆ ಉಸಿರುಗಟ್ಟಿಸಿ ಕೊಂದು ಮಾರ್ತಾ ಇದ್ದರು. ಬರ್ಕ್‌ಗೆ ಗಲ್ಲಾಯ್ತು, ಹೆಸರು ಉಳೀತು. ಸದ್ದಿಲ್ಲದೆ, ಗುರುತಿಲ್ಲದೆ ಉಸಿರುಗಟ್ಟಿಸೋದು ಅಂದರೆ ಬರ್ಕಿಂಗ್. ನಮ್ಮಲ್ಲಿ ಅದು ದೂರುಗಳಿಗೆ ಆಗುತ್ತೆ.

ಯಾಕೆ ಆಗುತ್ತೆ? ಪೊಲೀಸರೆಲ್ಲ ಕೆಟ್ಟವರು ಅಂತ ಅಲ್ಲ. ಪ್ರತಿ ತಿಂಗಳು ಮೇಲಧಿಕಾರಿಗಳು ಕ್ರೈಂ ಮೀಟಿಂಗ್ ಮಾಡ್ತಾರೆ. ಹೋದ ವರ್ಷ ಈ ತಿಂಗಳು ಸರಗಳ್ಳತನ ಎಷ್ಟು, ಈ ವರ್ಷ ಎಷ್ಟು? ಜಾಸ್ತಿ ಆಗಿದ್ದರೆ ಇನ್ಸ್‌ಪೆಕ್ಟರ್ ಎದ್ದು ನಿಂತು ಬೈಸಿಕೊಳ್ಳಬೇಕು. ಸಂಜೆಗೆ ನಾವು ಮೈಕ್ ಹಿಡಿದುಕೊಂಡು ಬರ್ತೀವಿ, "ಪೊಲೀಸರು ನಿದ್ದೆ ಮಾಡ್ತಿದ್ದಾರಾ?" ಮಾರನೇ ದಿನ ಶಾಸಕರ ಫೋನು. ಪ್ರಾಮಾಣಿಕವಾಗಿ ಇಪ್ಪತ್ತು ಬರೆದುಕೊಂಡವನಿಗೆ ಬೈಗುಳ, ಇಪ್ಪತ್ತರಲ್ಲಿ ಎಂಟು ಬರೆದುಕೊಂಡವನಿಗೆ ಶಹಬ್ಬಾಸ್. ಅವನ ಜಾಗದಲ್ಲಿ ನೀವಿದ್ದರೆ ಏನು ಮಾಡ್ತಿದ್ದಿರಿ? ಈ ವ್ಯವಸ್ಥೆ ಕಟ್ಟಿದ್ದರಲ್ಲಿ ನಮ್ಮ ಸ್ಟುಡಿಯೋದ ಪಾಲೂ ಇದೆ. ಅದನ್ನ ಒಪ್ಪಿಕೊಂಡೇ ಮುಂದೆ ಹೋಗ್ತೀನಿ.

ಬರೆದುಕೊಂಡರೂ ಹೇಗೆ ಬರೆದುಕೊಳ್ತಾರೆ ಅನ್ನೋದು ಇನ್ನೊಂದು ವಿಷಯ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂತಲ್ಲ, ಅದರ 304ನೇ ಸೆಕ್ಷನ್ನಿನಲ್ಲಿ ಮೊದಲ ಸಲ ಕಸಿದುಕೊಂಡು ಓಡೋದನ್ನ ಪ್ರತ್ಯೇಕ ಅಪರಾಧ ಅಂತ ಹೇಳಿದ್ದಾರೆ. ಮೂರು ವರ್ಷದವರೆಗೆ ಶಿಕ್ಷೆ. ಅದೇ ಕಸಿಯೋವಾಗ ಗಾಯ ಮಾಡಿದರೆ, ಹೆದರಿಸಿದರೆ, ಅದು ದರೋಡೆಯ ಸೆಕ್ಷನ್ 309ಕ್ಕೆ ಹೋಗಬಹುದು. ಶಿಕ್ಷೆ ಹತ್ತು ವರ್ಷದವರೆಗೆ, ಗಾಯ ಮಾಡಿದ್ದರೆ ಜೀವಾವಧಿಯೂ ಆಗಬಹುದು. ಚಿಕ್ಕಮ್ಮನ ಕುತ್ತಿಗೆಯ ಕೆಂಪು ಬರೆಯನ್ನ ಗಾಯ ಅಂತ ಬರೆದರೆ ಒಂದು ಲೆಕ್ಕ, ಬರೆಯದಿದ್ದರೆ ಇನ್ನೊಂದು. ಅದೇ ರೀತಿ ಒಂದು ಮನೆಗೆ ನುಗ್ಗಿ ಕಳ್ಳತನ ಮಾಡಿ ಕೊಲೆಯನ್ನೂ ಮಾಡಿದರೆ, ಎನ್‌ಸಿಆರ್‌ಬಿ ಲೆಕ್ಕದಲ್ಲಿ ಅದು ಒಂದು ಕೊಲೆ ಅಷ್ಟೇ. ಒಂದು ಎಫ್‌ಐಆರ್‌ನಲ್ಲಿ ಅತಿ ಘೋರವಾದದ್ದನ್ನ ಮಾತ್ರ ಎಣಿಸಬೇಕು ಅನ್ನೋದು ನಿಯಮ.

ಹಾಗಾದರೆ ಯಾವ ಅಂಕಿಯನ್ನೂ ನಂಬೋ ಹಾಗಿಲ್ವಾ? ಇದೆ, ಎರಡಿದೆ. ಒಂದು ಕೊಲೆ. ಹೆಣವನ್ನ 'ಕಳೆದುಹೋಗಿದೆ' ಅಂತ ಬರೆಯೋಕಾಗಲ್ಲ. ಇನ್ನೊಂದು ವಾಹನ ಕಳ್ಳತನ. ಎಫ್‌ಐಆರ್ ಇಲ್ಲದೆ ಇನ್ಶೂರೆನ್ಸ್ ಕಂಪನಿ ನಯಾಪೈಸೆ ಕೊಡಲ್ಲ, ಹಾಗಾಗಿ ಬೈಕು ಕಳಕೊಂಡವನು ಠಾಣೆಯಿಂದ ಕದಲೋದೇ ಇಲ್ಲ. ಒಂದು ಬಡಾವಣೆಯ ಲೆಕ್ಕ ನೋಡೋದಿದ್ದರೆ ನಾನು ಮೊದಲು ಬೈಕು ಕಳ್ಳತನ ನೋಡ್ತೀನಿ. ಬೈಕು ಮಾತ್ರ ಸಾಲು ಸಾಲಾಗಿ ಹೋಗಿದೆ, ಸರ ಮೊಬೈಲು ಒಂದೂ ಹೋಗಿಲ್ಲ ಅಂತ ಇದ್ದರೆ, ಆ ಕಳ್ಳರು ಭಾರೀ ಸಂಸ್ಕಾರವಂತರು ಅಂತ ಅರ್ಥವಾ? ಪೆನ್ನು ಎಲ್ಲಿ ನಿಂತಿದೆ ಅಂತ ಗೊತ್ತಾಗುತ್ತೆ.

ಕೊಲೆಯ ಲೆಕ್ಕದೊಳಗೂ ಒಂದು ಪಾಠ ಇದೆ. 2022ರಲ್ಲಿ ದೇಶದಲ್ಲಿ 28,522 ಕೊಲೆ ಪ್ರಕರಣ. ಕಾರಣಗಳಲ್ಲಿ ಮೊದಲ ಸ್ಥಾನ ಜಗಳ, ಹತ್ತಿರ ಹತ್ತಿರ 10,000. ಆಮೇಲೆ ವೈಯಕ್ತಿಕ ದ್ವೇಷ. ಹಣ, ಒಡವೆ, ಲಾಭಕ್ಕಾಗಿ ಆದದ್ದು 2,000ಕ್ಕೂ ಕಡಿಮೆ. ಅತ್ಯಾಚಾರ ಪ್ರಕರಣಗಳಲ್ಲಂತೂ ನೂರಕ್ಕೆ 90ಕ್ಕೂ ಹೆಚ್ಚು ಕಡೆ ಆರೋಪಿ ಗೊತ್ತಿದ್ದವನೇ. ಸಂಬಂಧಿ, ಪಕ್ಕದ ಮನೆಯವನು, ಗೆಳೆಯ, ಕೆಲಸದ ಕಡೆಯವನು. ಅಪಾರ್ಟ್‌ಮೆಂಟಿನ ಗೇಟಲ್ಲಿ ಡೆಲಿವರಿ ಹುಡುಗನ ಫೋಟೋ ಹಿಡಿದು, ಹೆಬ್ಬೆಟ್ಟು ಒತ್ತಿಸಿಕೊಂಡು ಒಳಗೆ ಬಿಡ್ತೀವಲ್ಲ, ಈ ಹೆಚ್ಚಿನವರು ಆ ಗೇಟನ್ನ ಸೆಲ್ಯೂಟ್ ಹೊಡೆಸಿಕೊಂಡು ದಾಟಿದವರು. ಮಗಳಿಗೆ ಮನೆ ಹುಡುಕೋ ಅಪ್ಪ ಬೀದಿಯನ್ನ ನೋಡಬೇಕು, ನಿಜ. ಮನೆ ಓನರ್ ಎಂಥವನು, ಡೂಪ್ಲಿಕೇಟ್ ಬೀಗದ ಕೈ ಯಾರ ಹತ್ರ ಇದೆ ಅನ್ನೋದನ್ನೂ ನೋಡಬೇಕು.

ಹೊರಗಿನವನ ಮೇಲಿನ ಭಯದ ಬಗ್ಗೆ ಸ್ವಲ್ಪ ನಿಂತು ಮಾತಾಡೋಣ. ಯಾಕಂದರೆ ಅದು ಕೂಡ ಜೀವ ತೆಗೀತು. 2018ರ ಮೇ ತಿಂಗಳು, ಬೆಂಗಳೂರಿನ ಚಾಮರಾಜಪೇಟೆ. ವಾಟ್ಸಾಪ್‌ನಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ, ನೂರಾರು ಜನ ಇದ್ದಾರೆ ಅಂತ ಮೆಸೇಜು ಹರಿದಾಡ್ತಾ ಇತ್ತು. ರಾಜಸ್ಥಾನದಿಂದ ಬಂದಿದ್ದ 26 ವರ್ಷದ ಹುಡುಗನೊಬ್ಬ ಜನರ ಕಣ್ಣಿಗೆ ಬಿದ್ದ. ಮಕ್ಕಳ ಕಳ್ಳ ಅಂದರು. ಕಟ್ಟಿ ಹಾಕಿದರು, ಹಾಡಹಗಲೇ ಬೀದಿಯಲ್ಲಿ ಎಳೆದಾಡಿ ಬಡಿದರು. ಸತ್ತ. ಅವನು ಯಾವ ಮಗುವನ್ನೂ ಕದ್ದಿರಲಿಲ್ಲ. ಎರಡು ತಿಂಗಳಿಗೆ, ಜುಲೈನಲ್ಲಿ, ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ ಹೈದರಾಬಾದಿನ ಯುವ ಎಂಜಿನಿಯರ್ ಒಬ್ಬನನ್ನ ಅದೇ ವದಂತಿ ಕೊಂದಿತು. ಶಾಲಾ ಮಕ್ಕಳಿಗೆ ಚಾಕಲೇಟ್ ಕೊಟ್ಟಿದ್ದೇ ಅವರು ಮಾಡಿದ ತಪ್ಪು.

ಚಾಮರಾಜಪೇಟೆ ಕಾಡಲ್ಲ. ದೇವಸ್ಥಾನ, ಶಾಲೆ, ಕಾಫಿಪುಡಿ ಅಂಗಡಿ ಇರೋ, ನೂರು ವರ್ಷ ದಾಟಿದ ಬಡಾವಣೆ. ಅಲ್ಲಿನ ಜನ ನಮ್ಮ ನಿಮ್ಮಂಥವರೇ. ಆ ದಿನಗಳಲ್ಲಿ ವದಂತಿಯ ಮೆಸೇಜನ್ನ ಫಾರ್ವರ್ಡ್ ಮಾಡಿದವರು ತಾವು ಏರಿಯಾವನ್ನ ಕಾಪಾಡ್ತಾ ಇದ್ದೀವಿ ಅಂತಲೇ ಅಂದುಕೊಂಡಿದ್ದರು. ಇವತ್ತಿಗೂ ಯಾವುದೇ ಬಡಾವಣೆಯ ಗ್ರೂಪ್ ತೆಗೆದು ನೋಡಿ. ಕಳ್ಳತನ ಆಯ್ತು ಅಂದ ಐದು ನಿಮಿಷಕ್ಕೆ ಮೊದಲ ಅನುಮಾನ ಕೆಲಸದವಳ ಮೇಲೆ. ಆಮೇಲೆ ನೇಪಾಳದ ವಾಚ್‌ಮನ್. ಆಮೇಲೆ ಪಕ್ಕದ ಸೈಟಿನ ಶೆಡ್ಡಿನಲ್ಲಿರೋ, ರಾಯಚೂರು ಕಲಬುರಗಿಯಿಂದ ಬಂದ ಗಾರೆ ಕೆಲಸದವರು. ಕೆಲವು ಸಲ ಅನುಮಾನ ನಿಜವಾಗಿರುತ್ತೆ, ನಾನು ಇಲ್ಲ ಅನ್ನಲ್ಲ. ಆದರೆ ಸಿಸಿಟಿವಿ ತುಣುಕಿನಲ್ಲಿ ಮುಖ ಸರಿಯಾಗಿ ಕಾಣದ ಯಾರದ್ದೋ ಫೋಟೋಗೆ ಕೆಂಪು ವೃತ್ತ ಹಾಕಿ 'ಎಚ್ಚರಿಕೆ' ಅಂತ ಬರೆದು ಬಿಡೋಕೆ ಮುಂಚೆ ಒಂದು ಸಲ ಚಾಮರಾಜಪೇಟೆಯ ಆ ಹುಡುಗ ನೆನಪಾಗಲಿ. ಇದು ನಮ್ಮ ಎಡಿಟಿಂಗ್ ರೂಮಿಗೂ ಸೇರಿ ಹೇಳ್ತಿರೋ ಮಾತು.

ಸರಿ, ದಾವಣಗೆರೆಯ ಅಪ್ಪನಿಗೆ ಏನು ಹೇಳೋದು?

ಮೊದಲನೇದಾಗಿ 'ಏರಿಯಾ' ಅನ್ನೋ ಅಳತೆಯನ್ನೇ ಬಿಡಿ ಅಂದೆ. ಅಮೆರಿಕದ ಮಿನಿಯಾಪೊಲಿಸ್ ಊರಲ್ಲಿ 1980ರ ದಶಕದಲ್ಲಿ ಸಂಶೋಧಕರು ಪೊಲೀಸರಿಗೆ ಬಂದ ಫೋನ್ ಕರೆಗಳನ್ನೆಲ್ಲ ವಿಳಾಸದ ಪ್ರಕಾರ ವಿಂಗಡಿಸಿದರು. ನೂರು ವಿಳಾಸದಲ್ಲಿ ಮೂರೋ ನಾಲ್ಕೋ ವಿಳಾಸದಿಂದಲೇ ಅರ್ಧದಷ್ಟು ಕರೆ ಬಂದಿತ್ತು. ಕೆಟ್ಟ ಏರಿಯಾ ಅಂತ ಕರೆಸಿಕೊಳ್ಳೋ ಕಡೆಯೂ ಬಹುಪಾಲು ರಸ್ತೆ ತಣ್ಣಗಿರುತ್ತೆ, ಒಳ್ಳೇ ಏರಿಯಾದಲ್ಲೂ ಒಂದು ಮೂಲೆ ಕೆಟ್ಟಿರುತ್ತೆ. ನಮ್ಮ ಬಡಾವಣೆಗಳಲ್ಲಿ ಆ ಮೂಲೆ ಯಾವುದು ಅಂತ ಹುಡುಕೋಕೆ ಸಂಶೋಧನೆ ಬೇಕಿಲ್ಲ. ಬೀದಿ ದೀಪ ಕೆಟ್ಟು ತಿಂಗಳಾದ ತಿರುವು, ಮುಳ್ಳು ಬೆಳೆದ ಖಾಲಿ ಸೈಟು, ರಾಜಕಾಲುವೆ ಪಕ್ಕದ ಕಾಲುದಾರಿ, ಮದ್ಯದಂಗಡಿ ಎದುರಿನ ಬಸ್ ಸ್ಟಾಪು.

ಕಳ್ಳತನವೂ ಹಾಗೇ, ಹೋದ ಕಡೆಗೇ ಮತ್ತೆ ಹೋಗುತ್ತೆ. ಇಂಗ್ಲೆಂಡಿನ ರೋಚ್‌ಡೇಲ್ ಊರಿನಲ್ಲಿ ಕಿರ್ಕ್‌ಹೋಲ್ಟ್ ಅಂತ 2,280 ಮನೆಗಳ ಒಂದು ಬಡಾವಣೆ. 1980ರ ದಶಕದ ಮಧ್ಯದಲ್ಲಿ ಅಲ್ಲಿ ಮನೆಗಳ್ಳತನ ವಿಪರೀತ. ಪೊಲೀಸರು, ಸಂಶೋಧಕರು ಕೂತು ಸಂತ್ರಸ್ತರನ್ನ, ಅಕ್ಕಪಕ್ಕದವರನ್ನ, ಸಿಕ್ಕಿಬಿದ್ದ ಕಳ್ಳರನ್ನೂ ಮಾತಾಡಿಸಿದರು. ಎರಡು ವಿಷಯ ಗೊತ್ತಾಯ್ತು. ಒಂದು ಸಲ ಕಳ್ಳತನವಾದ ಮನೆಗೆ ಮತ್ತೊಮ್ಮೆ ಆಗೋ ಸಾಧ್ಯತೆ ಉಳಿದ ಮನೆಗಳಿಗಿಂತ ಸುಮಾರು ನಾಲ್ಕು ಪಟ್ಟು. ಎರಡನೇದು, ಅಲ್ಲಿ ಮನೆಯೊಳಗೆ ನಾಣ್ಯ ಹಾಕಿ ಗ್ಯಾಸು, ಕರೆಂಟು ಪಡೆಯೋ ಮೀಟರುಗಳಿದ್ದವು. ಅರ್ಧದಷ್ಟು ಕಳ್ಳತನದಲ್ಲಿ ಆ ಮೀಟರಿನ ದುಡ್ಡೂ ಹೋಗಿತ್ತು. ಇವರು ಮಾಡಿದ್ದು ಸರಳ. ಮೀಟರು ತೆಗೆಸಿದರು. ಕಳ್ಳತನವಾದ ಮನೆಯ ಬಾಗಿಲು ಕಿಟಕಿ ತಕ್ಷಣ ಭದ್ರ ಮಾಡಿಸಿದರು. ಆ ಮನೆಯ ಸುತ್ತಲಿನ ಐದಾರು ಮನೆಯವರನ್ನ ಕರೆದು, "ಸ್ವಲ್ಪ ದಿನ ಈ ಮನೆ ಮೇಲೆ ಒಂದು ಕಣ್ಣಿಡಿ" ಅಂತ ಹೇಳಿದರು. ಇಡೀ ಊರನ್ನ ಕಾಯೋ ಮಾತೇ ಇಲ್ಲ, ಐದಾರು ಮನೆ. ಮೂರು ವರ್ಷದಲ್ಲಿ ಮನೆಗಳ್ಳತನ ಸುಮಾರು ಮುಕ್ಕಾಲು ಪಾಲು ಇಳೀತು.

ಈಗ ಚಿಕ್ಕಮ್ಮನ ವಿಷಯಕ್ಕೆ ವಾಪಸ್ ಬನ್ನಿ. ಕಿರ್ಕ್‌ಹೋಲ್ಟ್‌ನಲ್ಲಿ ಆದ ಕೆಲಸ ನಿಂತಿದ್ದು ಎಲ್ಲದರ ಮೇಲೆ ಅಂದರೆ, ಮೊದಲ ಕಳ್ಳತನ ಬರೆದುಕೊಂಡಿದ್ದರು ಅನ್ನೋದರ ಮೇಲೆ. ಎಲ್ಲಿ ಆಯ್ತು, ಎಷ್ಟು ಹೊತ್ತಿಗೆ, ಹೇಗೆ. ಚಿಕ್ಕಮ್ಮನ ಸರ 'ಆರೂವರೆಗೆ, ರಂಗೋಲಿ ಹೊತ್ತಲ್ಲಿ, ವಿಳಾಸ ಕೇಳೋ ನೆಪದಲ್ಲಿ' ಅಂತ ದಾಖಲಾಗಿದ್ದರೆ ಆ ಮೂರು ವಾರ ಬೆಳಗಿನ ಗಸ್ತು ಆ ರಸ್ತೆಗಳಿಗೆ ಬರೋಕೆ ಒಂದು ಕಾರಣ ಇರುತ್ತಿತ್ತು. ಬರದೇ ಇರಬಹುದಿತ್ತು, ಅದೂ ನಿಜ. ಆದರೆ ಕಳೆದುಹೋದ ಸರಕ್ಕೆ ಗಸ್ತು ಹಾಕೋ ಇಲಾಖೆ ಭೂಮಿ ಮೇಲೆ ಎಲ್ಲೂ ಇಲ್ಲ. ಕಳೆದುಹೋದ ವಸ್ತುಗಳಿಗೆ ಆನ್‌ಲೈನ್‌ನಲ್ಲೇ ವರದಿ ಕೊಡೋ ಸೌಲಭ್ಯವನ್ನ ಬೆಂಗಳೂರು ಪೊಲೀಸರು ಮಾಡಿದ್ದಾರೆ. ಡ್ರೈವಿಂಗ್ ಲೈಸೆನ್ಸ್, ಮಾರ್ಕ್ಸ್ ಕಾರ್ಡ್ ಕಳಕೊಂಡವರಿಗೆ ಅದು ದೊಡ್ಡ ಉಪಕಾರ. ಕಸಿದುಕೊಂಡು ಹೋದ ಮೊಬೈಲನ್ನ ದಯವಿಟ್ಟು ಅದರಲ್ಲಿ ಹಾಕಬೇಡಿ.

ಕಾನೂನು ನಿಮ್ಮ ಕಡೆ ಎಷ್ಟು ಗಟ್ಟಿಯಾಗಿದೆ ಅಂತ ಬಹಳ ಜನಕ್ಕೆ ಗೊತ್ತಿಲ್ಲ. 2013ರ ನವೆಂಬರ್‌ನಲ್ಲಿ ಲಲಿತಾ ಕುಮಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐದು ನ್ಯಾಯಮೂರ್ತಿಗಳ ಪೀಠ ಹೇಳಿದ್ದು ಇಷ್ಟು: ಪೊಲೀಸರು ತಾವೇ ಕ್ರಮ ಕೈಗೊಳ್ಳಬಹುದಾದ ಅಪರಾಧ ನಡೆದಿದೆ ಅಂತ ದೂರಿನಿಂದ ಕಂಡರೆ ಎಫ್‌ಐಆರ್ ಮಾಡಲೇಬೇಕು. ಸರಗಳ್ಳತನ ಅಂಥದ್ದೇ. ಹೊಸ ಕಾನೂನಿನಲ್ಲಿ, ಅಂದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ನಿನಲ್ಲಿ, ಇನ್ನೂ ಸ್ಪಷ್ಟ ಮಾಡಿದ್ದಾರೆ. "ಇದು ನಮ್ಮ ಲಿಮಿಟ್ಸ್‌ಗೆ ಬರಲ್ಲ" ಅನ್ನೋ ಹಾಗಿಲ್ಲ, ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಆನ್‌ಲೈನ್‌ನಲ್ಲಿ ಕೊಟ್ಟರೆ ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು. ಪ್ರತಿಯನ್ನ ಪುಕ್ಕಟೆ ಕೊಡಬೇಕು. ಇನ್ಸ್‌ಪೆಕ್ಟರ್ ಬರೆದುಕೊಳ್ಳಲ್ಲ ಅಂದರೆ ಅದೇ ದೂರನ್ನ ಅಂಚೆಯಲ್ಲಿ ಮೇಲಧಿಕಾರಿಗೆ, ಬೆಂಗಳೂರಲ್ಲಾದರೆ ಡಿಸಿಪಿಗೆ ಕಳಿಸಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಇದ್ದಾರೆ. ದೂರು ಅದೇ ದಿನ ಕೊಡಿ. ಮನೆಗಳ ಸಿಸಿಟಿವಿ ಹತ್ತು ಹದಿನೈದು ದಿನಕ್ಕೆ ಹಳೇದರ ಮೇಲೇ ಹೊಸದನ್ನ ಬರೆದುಬಿಡುತ್ತೆ. ಜನ ಸೇರೋ ದೊಡ್ಡ ಅಂಗಡಿ, ಕಟ್ಟಡಗಳು ಮಾತ್ರ 2017ರ ನಮ್ಮ ರಾಜ್ಯದ ಸಾರ್ವಜನಿಕ ಸುರಕ್ಷತಾ ಕಾಯ್ದೆ ಪ್ರಕಾರ 30 ದಿನ ಇಟ್ಟುಕೊಳ್ಳಬೇಕು.

ಇನ್ನೊಂದು ಕಡೆ ಕೂತಲ್ಲೇ ನೋಡಬಹುದು. 2016ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟು, ಲೈಂಗಿಕ ಅಪರಾಧದಂಥ ಸೂಕ್ಷ್ಮ ಪ್ರಕರಣ ಬಿಟ್ಟು ಉಳಿದ ಎಫ್‌ಐಆರ್‌ಗಳನ್ನ 24 ಗಂಟೆಯೊಳಗೆ ವೆಬ್‌ಸೈಟಿಗೆ ಹಾಕಬೇಕು ಅಂತ ಆದೇಶ ಮಾಡಿತು. ಕರ್ನಾಟಕ ಪೊಲೀಸ್ ವೆಬ್‌ಸೈಟಿನಲ್ಲಿ ಹುಡುಕೋ ವ್ಯವಸ್ಥೆ ಇದೆ. ನಿಮ್ಮ ಠಾಣೆಯಲ್ಲಿ ಏನು ಬರೆದುಕೊಂಡಿದ್ದಾರೆ ನೋಡಿ. ಆಮೇಲೆ ಅದೇ ಅವಧಿಯಲ್ಲಿ ನಿಮ್ಮ ಬಡಾವಣೆಯ ವಾಟ್ಸಾಪ್ ಗ್ರೂಪಿನಲ್ಲಿ ಬಂದ ಕಳ್ಳತನದ ಮೆಸೇಜುಗಳನ್ನ ಪಕ್ಕದಲ್ಲಿಟ್ಟು ನೋಡಿ. ನನಗೆ ಗೊತ್ತಿರೋ ಒಂದು ಕ್ಷೇಮಾಭಿವೃದ್ಧಿ ಸಂಘದವರು ಈ ಎರಡು ಕಾಗದವನ್ನೂ ಹಿಡಿದುಕೊಂಡು ಠಾಣೆಯ ಸಭೆಗೆ ಹೋದರು. ಜಗಳ ಮಾಡಲಿಲ್ಲ. ಮೇಜಿನ ಮೇಲೆ ಇಟ್ಟರು ಅಷ್ಟೇ.

ಇನ್ನು ಆ ಅಪ್ಪನಿಗೆ ಹೇಳಿದ ಉಳಿದ ಮಾತು. ಮನೆಯನ್ನ ಭಾನುವಾರ ಮಧ್ಯಾಹ್ನ ಬ್ರೋಕರ್ ಜೊತೆ ನೋಡಬೇಡಿ. ಮಗಳು ಕೆಲಸದಿಂದ ಬರೋ ಹೊತ್ತು ಯಾವುದು, ಒಂಬತ್ತಾ? ಒಂಬತ್ತಕ್ಕೆ ಹೋಗಿ. ಬಸ್ ಸ್ಟಾಪಿನಿಂದ ಬಾಗಿಲವರೆಗೆ ನಡೀರಿ. ದೀಪ ಎಣಿಸಿ. ತೆರೆದಿರೋ ಅಂಗಡಿ ಎಣಿಸಿ. ಇಸ್ತ್ರಿ ಪೆಟ್ಟಿಗೆ ಇಟ್ಟುಕೊಂಡಿರೋನು, ಹೂ ಮಾರೋ ಹೆಂಗಸು, ಎಳನೀರಿನವನು, ಇವರಿಗೆ ಆ ರಸ್ತೆಯ ಬಗ್ಗೆ ಗೊತ್ತಿರೋದು ಯಾವ ಕೋಷ್ಟಕದಲ್ಲೂ ಇರಲ್ಲ. ಅವರನ್ನ ಕೇಳಿ. ಬೀಟ್ ಪೊಲೀಸ್ ಹೆಸರೇನು ಅಂತ ಪಕ್ಕದ ಮನೆಯವರನ್ನ ಕೇಳಿ. 2017ರಲ್ಲೇ ಒಬ್ಬೊಬ್ಬ ಕಾನ್‌ಸ್ಟೇಬಲ್‌ಗೆ ಒಂದೊಂದು ಬೀಟ್ ಅಂತ ಸುಧಾರಿತ ಗಸ್ತು ವ್ಯವಸ್ಥೆ ಬಂತು, 2025ರಲ್ಲಿ 'ಮನೆ ಮನೆಗೆ ಪೊಲೀಸ್' ಅಂತ ಮತ್ತೆ ಶುರು ಮಾಡಿದ್ದಾರೆ. ಹೆಸರು ಗೊತ್ತಿದ್ದರೆ ಆ ಬೀಟ್ ಜೀವಂತ ಇದೆ ಅಂತ ಲೆಕ್ಕ. ಮತ್ತೆ ಊರಿಗೆ ಬರೋವಾಗ ಬಾಗಿಲ ಮುಂದೆ ಪೇಪರ್ ರಾಶಿ ಬೀಳದ ಹಾಗೆ ನೋಡಿಕೊಳ್ಳೋಕೆ ಹೇಳಿ, ಬೀಗದ ಕೈ ಹೂಕುಂಡದ ಕೆಳಗೆ ಬೇಡ. ಕಳ್ಳನೂ ಮೊದಲು ಅಲ್ಲೇ ನೋಡೋದು.

ಎರಡು ವಾರ ಆದಮೇಲೆ ಅವರ ಮೆಸೇಜ್ ಬಂತು. ಒಂಬತ್ತು ಗಂಟೆಗೆ ಎರಡೂ ಕಡೆ ನಡೆದು ನೋಡಿದರಂತೆ. ಹೊಸ ಲೇಔಟಿನಲ್ಲಿ ಬಸ್ ಸ್ಟಾಪಿನಿಂದ ಮನೆವರೆಗೆ ಮೂರು ದೀಪ ಕೆಟ್ಟಿದ್ದವು, ಒಂದು ನಾಯಿ ಬಿಟ್ಟರೆ ಯಾರೂ ಸಿಗಲಿಲ್ಲ. ಹಳೇ ಬಡಾವಣೆಯಲ್ಲಿ ಇಸ್ತ್ರಿ ಅಂಗಡಿಯವನು ಅರ್ಧ ಗಂಟೆ ಹಿಡಿದು ನಿಲ್ಲಿಸಿಕೊಂಡು, ಹಿಂದಿನ ವರ್ಷ ಯಾವ ಮನೆಯಲ್ಲಿ ಏನು ಕಳುವಾಯ್ತು, ಯಾರು ಕಂಪ್ಲೇಂಟ್ ಕೊಟ್ಟರು, ಯಾರು ಕೊಡಲಿಲ್ಲ ಅಂತ ಎಲ್ಲ ಹೇಳಿದನಂತೆ. "ಕಳ್ಳತನದ ಕತೆ ಜಾಸ್ತಿ ಕೇಳಿದ್ದು ಇಲ್ಲೇ ಸಾರ್. ಆದರೂ ಮನೆ ಇಲ್ಲೇ ಹಿಡಿದಿದ್ದೀವಿ" ಅಂತ ಬರೆದಿದ್ದರು.

ಚಿಕ್ಕಮ್ಮ ಈಗ ಏಳು ಗಂಟೆಗೆ, ಹಾಲಿನವನು ಬಂದಮೇಲೆ ರಂಗೋಲಿ ಹಾಕ್ತಾರೆ. ಕುತ್ತಿಗೆಯಲ್ಲಿ ಅರಿಶಿನದ ದಾರ. ಹೋದ ತಿಂಗಳು ಚಿಕ್ಕಪ್ಪ ಹಳೇ ಫೈಲಿನಿಂದ ಆ ಅರ್ಜಿಯ ಪ್ರತಿ ತೆಗೆದು ನನಗೆ ತೋರಿಸಿದರು. ಸೀಲು ಇದೆ, ತಾರೀಖು ಇದೆ, ಚಿಕ್ಕಮ್ಮನ ನಡುಗಿದ ಸಹಿ ಇದೆ. ಮಧ್ಯದಲ್ಲಿ ಅವರದ್ದೇ ಕೈಬರಹದಲ್ಲಿ, "ಮನೆಯ ಮುಂದೆ ಎಲ್ಲೋ ಬಿದ್ದುಹೋಗಿರುತ್ತದೆ."